ಗೋಡೆಯಾಚೆಯ ಹಲ್ಲಿಗಳು

ಕೇಳುಗರಿಗೆ ನಮಸ್ಕಾರ.

ಹಲ್ಲಿ ಅಂದರೆ ಟ್ಯೂಬ್‌ಲೈಟಿನ ಪಕ್ಕ ಹುಳಕ್ಕೆ ಹೊಂಚು ಹಾಕುವುದಷ್ಟೇ ಅಲ್ಲ. ಕರ್ನಾಟಕದ ಕಾಡು, ಬಂಡೆ, ಹೊಲಗಳಲ್ಲಿ ಇವುಗಳ ಹಲವು ಜಾತಿಗಳಿವೆ. ಯಾವುದು ಎಲ್ಲಿಯದು ಎಂಬುದನ್ನು ಬಹುಮಟ್ಟಿಗೆ ಬೆರಳು, ಕಣ್ಣುಪಾಪೆ ನೋಡಿಯೇ ಹೇಳಬಹುದು.

ಮನೆಹಲ್ಲಿಯ ಬೆರಳಡಿ ಅಗಲವಾಗಿರುತ್ತದೆ. ಅಲ್ಲಿನ ಅಡ್ಡಪಟ್ಟಿಗಳ ತುಂಬ ಬರಿಗಣ್ಣಿಗೆ ಕಾಣದ ಕೂದಲು. ಅಂಟೇನೂ ಇಲ್ಲ, ಕೂದಲ ತುದಿಗೂ ಗೋಡೆಗೂ ನಡುವಿನ ಅಣುಗಳ ಸೆಳೆತವೇ ಹಿಡಿತ. ಧೂಳು ಮೆತ್ತಿದರೆ ಹಿಡಿತ ಸಡಿಲವಾಗುತ್ತದೆ, ನಾಲ್ಕಾರು ಹೆಜ್ಜೆ ಇಟ್ಟರೆ ಧೂಳು ತಾನೇ ಉದುರುತ್ತದೆ. ಹುಣಸೆ, ಮಾವಿನ ಬೊಡ್ಡೆಯ ಮರಹಲ್ಲಿಗೂ ಇಂಥದೇ ಬೆರಳು. ಹಗಲಲ್ಲಿ ಅದು ಸಡಿಲ ತೊಗಟೆಯಡಿ, ಪೊಟರೆಯಲ್ಲಿ ಅಡಗಿರುತ್ತದೆ. ಬೆಳಕಿಗೆ ಬಂದರೆ ಪಾಪೆ ನಿಂತ ಸೀಳಿನಂತೆ ಕಿರಿದಾಗುತ್ತದೆ.

ಪಶ್ಚಿಮಘಟ್ಟದ ನೆರಳುಬಂಡೆಗಳಲ್ಲಿ, ಮರದ ಬುಡಗಳಲ್ಲಿ ಓಡಾಡುವ ಹಗಲುಹಲ್ಲಿಗಳದು ಬೇರೆಯೇ ಕಾಲು: ಸಪೂರ ಬೆರಳು, ಗಿಣ್ಣಿನಲ್ಲಿ ಬಾಗು, ತುದಿಗೆ ಉಗುರು, ಪಟ್ಟಿಯಿಲ್ಲ. ಪಾಪೆ ದುಂಡಗೆ. ಒರಟು ಕಲ್ಲನ್ನು ಉಗುರಿನಲ್ಲೇ ಹಿಡಿಯುತ್ತವೆ. ಬೆಂಗಳೂರು, ನಂದಿಬೆಟ್ಟದ ಕಡೆಯ ಮೈಸೂರು ಹಗಲುಹಲ್ಲಿ ಬಾಲ ಬಿಟ್ಟರೆ ಸುಮಾರು 3 ಸೆಂಟಿಮೀಟರ್ ಅಷ್ಟೇ. ಹಗಲುಹಲ್ಲಿಗಳ ಮೊಟ್ಟೆ ಬಂಡೆಯ ಒಳಮಗ್ಗುಲಿಗೆ ಅಂಟಿರುತ್ತದೆ, ಕಿತ್ತರೆ ಒಡೆಯುತ್ತದೆ. ಬಿಸಿಲು ತಡೆಯುವ ಮರ ಕಡಿದರೂ ಸಾಕು, ಬಂಡೆ ಕಾದು ಅವಕ್ಕೆ ಜಾಗವಿಲ್ಲದಾಗುತ್ತದೆ.

1870ರಲ್ಲಿ ಬ್ರಿಟಿಷ್ ಪ್ರಕೃತಿತಜ್ಞ ಬೆಡ್ಡೋಮ್ ಬಿಳಿಗಿರಿರಂಗನ ಬೆಟ್ಟದಿಂದ ವರ್ಣಿಸಿದ ಕೊಳ್ಳೇಗಾಲದ ನೆಲಹಲ್ಲಿಗೂ ಬೆರಳು ಸಪೂರ, ಆದರೆ ಅದು ರಾತ್ರಿಯ ಜೀವಿ. ಗೋಡೆ ಹತ್ತುವ ಗೊಡವೆ ಅದಕ್ಕಿಲ್ಲ, ತರಗೆಲೆ, ಕಲ್ಲಿನಡಿಯೇ ಬಿಡಾರ. ತರಗೆಲೆ ಗುಡಿಸಿ ಬೆಂಕಿ ಹಚ್ಚಿದ ಕಡೆ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಬಯಲುಸೀಮೆಯ ಹುತ್ತದ ಹಲ್ಲಿಯಲ್ಲಿ ಮಾತ್ರ ಬೆರಳಿನ ಗುರುತು ಕೈಕೊಡುತ್ತದೆ. ಪಟ್ಟಿಬೆರಳಿದ್ದೂ ಅದು ಹುತ್ತದ ಬಿಲದಲ್ಲಿ, ಕಲ್ಲಿನಡಿ ಇದ್ದು ಗೆದ್ದಲು ತಿನ್ನುತ್ತದೆ. ಬೆನ್ನ ಮೇಲಿನ ಬಿಳಿ ಅಂಚಿನ ಅಡ್ಡಪಟ್ಟಿಗಳನ್ನು ನೋಡಿ ಗುರುತಿಸಿ.

ನೋಡಹೊರಟವರು ಟಾರ್ಚನ್ನು ಬಂಡೆಗೆ ನೇರ ಬಿಡಬೇಡಿ, ಓರೆಯಾಗಿ ಹಿಡಿದರೆ ಮೈಯ ನೆರಳು ಬಿದ್ದು ಹಲ್ಲಿ ಎದ್ದು ಕಾಣುತ್ತದೆ. ಕಲ್ಲೆತ್ತುವಾಗ ಆಚೆ ಅಂಚನ್ನು ಕೋಲಿನಿಂದ ಮೀಟಿ ನಿಮ್ಮತ್ತ ವಾಲಿಸಿ. ಅಡಿಯಲ್ಲಿ ಹಾವೋ ಚೇಳೋ ಇದ್ದರೆ ಕಲ್ಲೇ ಅಡ್ಡವಾಗುತ್ತದೆ. ಮರಳಿ ಇಡುವಾಗ ಹಲ್ಲಿಯನ್ನು ಮೊದಲು ಪಕ್ಕಕ್ಕೆ ಸರಿಸಿ, ಕಲ್ಲನ್ನು ಅದೇ ಗುರುತಿಗೆ ಕೂರಿಸಿ, ಸಂದಿನಿಂದ ಅದು ತಾನೇ ಒಳಹೋಗುತ್ತದೆ. ಮಗುಚಿ ಬಿಟ್ಟ ಕಲ್ಲಿನ ಕೆಳಗಿನ ತಂಪು ಒಂದೇ ಬಿಸಿಲಿಗೆ ಆರುತ್ತದೆ. ಹುತ್ತವನ್ನಂತೂ ಒಡೆಯಬೇಡಿ, ಸಂಜೆ ಕತ್ತಲಾದ ಮೇಲೆ ಅದರ ಬಾಯಿಯಿಂದ ನಾಲ್ಕು ಮಾರು ದೂರ ನಿಂತರೆ ಹಲ್ಲಿ ತಾನೇ ಹೊರಗೆ ಬರುತ್ತದೆ.