ಮತಕ್ಕೆ ಹಾಕಿ, ಸಾಕು

ಕೇಳುಗರೇ, ನಮಸ್ಕಾರ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ತಲೆಮಾರುಗಳಿಂದ ನಡೆದು ಬಂದಿರುವ, ಜೀವಂತ ಪಾರಿವಾಳ ಹೊಡೆಯುವ ಒಂದು ಪಂದ್ಯದ ಬಗ್ಗೆ ಇಂದು ಮಾತನಾಡುತ್ತೇನೆ. ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಮೊಬೈಲಿನಲ್ಲಿ ಈ ಪ್ರಸಾರ ಕೇಳುತ್ತಿದ್ದರೆ, ಅವರಿಗೆ ಕೊನೆಯಲ್ಲಿ ಒಂದು ಕೆಲಸವನ್ನೂ ಹೇಳುವುದಿದೆ.

ಬಯಲಿನಲ್ಲಿ ಒಂದಷ್ಟು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರೊಳಗೂ ಒಂದು ಜೀವಂತ ಪಾರಿವಾಳ. ಸುಮಾರು ಮೂವತ್ತು ಗಜ ದೂರದಲ್ಲಿ ಬಂದೂಕು ಹಿಡಿದವನು ನಿಲ್ಲುತ್ತಾನೆ. ಅವನು ಕೂಗಿದೊಡನೆ ಹಗ್ಗ ಎಳೆಯುತ್ತಾರೆ. ಯಾವುದೋ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಯಾವುದು ಎಂದು ಅವನಿಗೆ ಮೊದಲೇ ತಿಳಿದಿರುವುದಿಲ್ಲ, ಆಟದ ಸ್ವಾರಸ್ಯವೇ ಅದು ಎನ್ನುತ್ತಾರೆ. ಬುಟ್ಟಿಯಲ್ಲಿ ತುಂಬಿಸಿಕೊಂಡು ಬಂದು, ಕತ್ತಲೆಯಲ್ಲಿ ಕೂರಿಸಿದ್ದ ಹಕ್ಕಿ ಒಮ್ಮೆಲೇ ಬೆಳಕಿಗೆ ಬಿದ್ದು ರೆಕ್ಕೆ ಬಡಿಯುತ್ತದೆ. ಅದು ತಲೆಯೆತ್ತರ ಏರುವಷ್ಟರಲ್ಲಿ ಈಡು ಹಾರುತ್ತದೆ.

ಅಂಕ ಲೆಕ್ಕ ಹಾಕುವ ರೀತಿಯನ್ನು ಕೇಳಿ. ಪೆಟ್ಟಿಗೆಗಳ ಸುತ್ತ ಒಂದು ಗಡಿ ಹಾಕಿರುತ್ತಾರೆ. ಹಕ್ಕಿ ಆ ಗಡಿಯೊಳಗೆ ಬಿದ್ದರೆ ಅಂಕ. ಚರೆ ತಾಗಿಯೂ ಹೇಗೋ ಹಾರಿ ಗಡಿಯಾಚೆ ಬಿದ್ದರೆ ಸೊನ್ನೆ, ತಪ್ಪಿದ ಈಡಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಅಂಕ ತರದ ಹಕ್ಕಿಯನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ? ಚರೆಬಂದೂಕಿನ ತೋಟಾದಿಂದ ಸಿಡಿಯುವುದು ಒಂದು ಗುಂಡಲ್ಲ, ನೂರಾರು ಸಣ್ಣ ಸೀಸದ ಕಾಳು. ಎರಡು ಕಾಳು ಹೊಟ್ಟೆಗೋ ರೆಕ್ಕೆಯ ಕೀಲಿಗೋ ತಗುಲಿದರೆ ಪಾರಿವಾಳ ಆ ಕ್ಷಣವೇ ಸಾಯುವುದಿಲ್ಲ. ಪಕ್ಕದ ಮರಕ್ಕೋ, ಯಾರದೋ ಮನೆಯ ಸೂರಿಗೋ ಹೋಗಿ ಕೂರುತ್ತದೆ. ಸಾಯುವುದು ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ. ಪಂದ್ಯದ ಲೆಕ್ಕಪುಸ್ತಕದಲ್ಲಿ ಅದು ತಪ್ಪಿಸಿಕೊಂಡ ಹಕ್ಕಿ.

ಇದರ ಅತ್ಯಂತ ಹೆಸರಾದ ರೂಪ ಹೆಗಿನ್ಸ್ ಎಂಬ ಹಳ್ಳಿಯದು. 1934ರಿಂದ ಪ್ರತಿ ಸೆಪ್ಟೆಂಬರಿನ ಕಾರ್ಮಿಕ ದಿನದಂದು ಅಲ್ಲಿ ಜಾತ್ರೆಯೋ ಎಂಬಂತೆ ಜನ ಸೇರುತ್ತಿದ್ದರು. ತಿಂಡಿ, ಬಿಯರ್, ಮಕ್ಕಳು ಮರಿ ಎಲ್ಲವೂ ಇತ್ತು. ಒಂದೇ ದಿನದಲ್ಲಿ ಸುಮಾರು ಐದು ಸಾವಿರ ಪಾರಿವಾಳಗಳನ್ನು ಬಿಡುತ್ತಿದ್ದರು. ನೆಲಕ್ಕೆ ಬಿದ್ದು ಇನ್ನೂ ಉಸಿರಾಡುತ್ತಿದ್ದವನ್ನು ಹೆಕ್ಕಿ ತರಲು ಊರಿನ ಹುಡುಗರನ್ನು ನೇಮಿಸುತ್ತಿದ್ದರು. ಶಾಲೆಗೆ ಹೋಗುವ ಹುಡುಗರು ಕೈಯಿಂದಲೇ ಅವುಗಳ ಕತ್ತು ತಿರುಚಿ ಪೀಪಾಯಿಗೆ ಎಸೆಯುತ್ತಿದ್ದರು. ಪ್ರಾಣಿದಯೆಯವರು ವರ್ಷ ವರ್ಷ ಹೋಗಿ ಪ್ರತಿಭಟಿಸಿದರು, ಬಂಧನಕ್ಕೊಳಗಾದರು. ಕೊನೆಗೆ ಕೆಲಸ ಮಾಡಿದ್ದು ನ್ಯಾಯಾಲಯ. ಪ್ರಾಣಿಹಿಂಸೆ ತಡೆಯುವ ಅಧಿಕಾರಿಗೆ ಇಂಥ ಪಂದ್ಯದ ವಿರುದ್ಧ ತಡೆಯಾಜ್ಞೆ ಕೇಳುವ ಹಕ್ಕಿದೆ ಎಂದು ರಾಜ್ಯದ ಸುಪ್ರೀಂ ಕೋರ್ಟು 1999ರಲ್ಲಿ ಹೇಳಿತು. ಹೆಗಿನ್ಸಿನ ಸಂಘಟಕರು ಅದೇ ವರ್ಷ ಪಂದ್ಯವನ್ನು ಕೈಬಿಟ್ಟರು.

ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಂಡರು, ಆದರೆ ಮುಗಿಯಲಿಲ್ಲ. ನಿಂತದ್ದು ಬಯಲಿನ ಸಾರ್ವಜನಿಕ ಪಂದ್ಯ. ಖಾಸಗಿ ಕ್ಲಬ್ಬುಗಳ ಬೇಲಿಯೊಳಗಿನದು ಮುಂದುವರಿಯಿತು. ಡೆಲವೇರ್ ನದಿಯ ದಡದಲ್ಲಿ, ಬೆನ್ಸಲೇಮ್ ಪಟ್ಟಣದಲ್ಲಿ, ಅಂಥ ಒಂದು ಹಳೆಯ ಕ್ಲಬ್ಬಿದೆ. ಬೆನ್ಸಲೇಮ್ ಎಂದರೆ ಭಾರತೀಯ ಕುಟುಂಬಗಳೂ ಸಾಕಷ್ಟು ಇರುವ ಊರು. 1891ರಲ್ಲಿ ಇದೇ ರಾಜ್ಯದ ಸುಪ್ರೀಂ ಕೋರ್ಟು ಪಾರಿವಾಳ ಹೊಡೆದ ಒಬ್ಬನ ಪರವಾಗಿ ತೀರ್ಪು ಕೊಟ್ಟಿತ್ತು. ಈ ಪಂದ್ಯ ಅಪರಾಧ ಎಂದು ಶಾಸನವೇ ಬಿಡಿಸಿ ಹೇಳದ ಹೊರತು ವಕೀಲರಿಗೆ ವಾದಿಸಲು ಯಾವಾಗಲೂ ಏನಾದರೂ ಉಳಿದಿರುತ್ತದೆ.

ಪಾರಿವಾಳದ ಪಾಡು ವಿಚಿತ್ರವಾದದ್ದು. ಟರ್ಕಿಕೋಳಿ, ಬಾತುಕೋಳಿಗಳಿಗೆ ಅಲ್ಲಿ ಬೇಟೆಯ ಕಾಲ ಎಂದಿದೆ, ಪರವಾನಗಿ ಇದೆ, ದಿನಕ್ಕೆ ಇಷ್ಟೇ ಹೊಡೆಯಬೇಕೆಂಬ ಮಿತಿಯಿದೆ. ವಲಸೆ ಹಕ್ಕಿಗಳಿಗೆ ಒಕ್ಕೂಟ ಸರ್ಕಾರದ ರಕ್ಷಣೆಯಿದೆ. ನಗರದ ಪಾರಿವಾಳ ಯೂರೋಪಿನಿಂದ ಬಂದದ್ದಾದ್ದರಿಂದ ಆ ರಕ್ಷಣೆಯ ಪಟ್ಟಿಯಲ್ಲಿಲ್ಲ, ಬೇಟೆಯ ಪಟ್ಟಿಯಲ್ಲೂ ಇಲ್ಲ. ಯಾರ ಲೆಕ್ಕಕ್ಕೂ ಸೇರದ ಹಕ್ಕಿಯನ್ನು ಯಾರು ಬೇಕಾದರೂ ಬಲೆ ಹಾಕಿ ಹಿಡಿದು ಮಾರಬಹುದು. ನ್ಯೂಯಾರ್ಕಿನ ಬೀದಿಗಳಲ್ಲಿ ಹಿಡಿದು ಪೆನ್ಸಿಲ್ವೇನಿಯಾಕ್ಕೆ ಸಾಗಿಸುತ್ತಾರೆಂದು ಪತ್ರಿಕೆಗಳು ಬರೆದದ್ದೂ ಉಂಟು.

ಪಂದ್ಯದ ಪರ ನಿಂತವರು ಮೂರು ಮಾತು ಹೇಳುತ್ತಾರೆ. ಇದು ಸಂಪ್ರದಾಯ; ಪಾರಿವಾಳ ಪೀಡೆ; ಇಂದು ಇದನ್ನು ನಿಲ್ಲಿಸಿದರೆ ನಾಳೆ ಜಿಂಕೆ ಬೇಟೆಯನ್ನೂ ನಿಲ್ಲಿಸುತ್ತಾರೆ. ಮೂರನೆಯದೇ ಅವರ ನಿಜವಾದ ಭಯ. ಬಂದೂಕುದಾರರ ದೊಡ್ಡ ಸಂಘಟನೆಯಾದ ರಾಷ್ಟ್ರೀಯ ರೈಫಲ್ ಸಂಘ ಪ್ರತಿ ಸಲ ಅಡ್ಡ ನಿಂತದ್ದೂ ಈ ಮಾತು ಹೇಳಿಕೊಂಡೇ. ಪೀಡೆ ಎಂಬ ಮಾತಂತೂ ನಗು ಬರಿಸುತ್ತದೆ. ಪೀಡೆಯನ್ನು ಹಣ ಕೊಟ್ಟು ತರಿಸಿ, ಪೆಟ್ಟಿಗೆಯಲ್ಲಿಟ್ಟು, ಮತ್ತೆ ಬಿಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇನ್ನು ಬೇಟೆಯ ವಿಷಯ. ಓಡಿ ಹೋಗುವ ಅವಕಾಶ ಪ್ರಾಣಿಗೆ ಇರಬೇಕು, ಹೊಡೆದದ್ದನ್ನು ಹುಡುಕಿ ತರಬೇಕು, ತಂದದ್ದನ್ನು ತಿನ್ನಬೇಕು ಎಂದು ಹಳೆಯ ಬೇಟೆಗಾರರೇ ಹೇಳುತ್ತಾರೆ. ಈ ಪಂದ್ಯದಲ್ಲಿ ಆ ಮೂರರಲ್ಲಿ ಒಂದೂ ಇಲ್ಲ. ಬೇಟೆಗೆ ಕೆಟ್ಟ ಹೆಸರು ತರುತ್ತಿರುವುದು ಯಾರು ಎಂದು ಅವರವರೇ ಯೋಚಿಸಿಕೊಳ್ಳಲಿ.

ಗುರಿಗಾರಿಕೆಗೆ ಹಕ್ಕಿ ಬೇಕೇ ಬೇಕೆ? 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಜೀವಂತ ಪಾರಿವಾಳ ಹೊಡೆಯುವ ಸ್ಪರ್ಧೆ ನಡೆದಿತ್ತು. ಬೆಲ್ಜಿಯಮ್ಮಿನ ಲಿಯೋನ್ ಡಿ ಲುಂಡೆನ್ 21 ಹಕ್ಕಿ ಹೊಡೆದು ಗೆದ್ದ. ಮತ್ತೆಂದೂ ಆ ಕಡೆ ಹೋಗಲು ಒಲಿಂಪಿಕ್ಸಿಗೆ ಮನಸ್ಸಾಗಲಿಲ್ಲ. ಅದಕ್ಕೂ ಮೊದಲೇ, 1880ರಲ್ಲಿ, ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ ಮಣ್ಣಿನ ಬಿಲ್ಲೆಯನ್ನು ಯಂತ್ರದಿಂದ ಹಾರಿಸುವ ಉಪಾಯ ಕಂಡುಹಿಡಿದಿದ್ದ. ಅಂಗೈಯಗಲದ, ಸುಮಾರು ನೂರು ಗ್ರಾಂ ತೂಕದ ಬಿಲ್ಲೆ ಅದು. ನಮ್ಮ ರಾಜ್ಯವರ್ಧನ ಸಿಂಗ್ ರಾಥೋಡ್ 2004ರ ಅಥೆನ್ಸಿನಲ್ಲಿ ಬೆಳ್ಳಿ ಗೆದ್ದದ್ದು ಇಂಥ ಬಿಲ್ಲೆಗಳನ್ನು ಹೊಡೆದೇ. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ ಐದು ಒಲಿಂಪಿಕ್ಸಿಗೆ ಹೋದದ್ದೂ ಬಿಲ್ಲೆಗಳನ್ನು ನೆಚ್ಚಿಕೊಂಡೇ. ರಾಜಮನೆತನದವರಿಗೆ ಸಾಲುವ ಗುರಿ ಕ್ಲಬ್ಬಿನವರಿಗೆ ಏಕೆ ಸಾಲದೋ ನನಗೆ ಅರ್ಥವಾಗುವುದಿಲ್ಲ.

ಬ್ರಿಟನ್ನು ಪಂಜರದ ಹಕ್ಕಿಗಳನ್ನು ಬಿಟ್ಟು ಹೊಡೆಯುವುದನ್ನು 1921ರಲ್ಲೇ ನಿಷೇಧಿಸಿತು. ಮೊನಾಕೊದ ಸಿರಿವಂತರ ಪಾರಿವಾಳ ಪಂದ್ಯವನ್ನು ನಿಲ್ಲಿಸಿದ ಕೀರ್ತಿ ಅಲ್ಲಿನ ದೊರೆಯ ಮಡದಿಯಾಗಿದ್ದ ಗ್ರೇಸ್ ಕೆಲ್ಲಿ ಅವರಿಗೆ ಸಲ್ಲುತ್ತದೆ. ಆಕೆ ಹುಟ್ಟಿ ಬೆಳೆದದ್ದು ಫಿಲಡೆಲ್ಫಿಯಾದಲ್ಲಿ! ತವರಿನ ಪಂದ್ಯಕ್ಕೆ ಮಾತ್ರ ಆಕೆಯ ಕೈ ಎಟುಕಲಿಲ್ಲ.

ನಮ್ಮ ದೇಶದ ಕಾನೂನಿನಲ್ಲೂ ಇದು ಇದೆ. ರುಕ್ಮಿಣೀದೇವಿ ಅರುಂಡೇಲ್ ಅವರ ಹಠದಿಂದ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಹನ್ನೊಂದನೆಯ ಕಲಮಿನಲ್ಲಿ, ಸೆರೆಯಿಂದ ಬಿಟ್ಟ ಪ್ರಾಣಿಗಳನ್ನು ಹೊಡೆಯುವ ಸ್ಪರ್ಧೆ ಏರ್ಪಡಿಸುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ ಎಂದು ಸ್ಪಷ್ಟವಾಗಿ ಬರೆದಿದೆ. ಆದರೆ ಮೊದಲ ಸಲದ ಅಪರಾಧಕ್ಕೆ ಆ ಕಾಯಿದೆ ಇಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಇಂದು ಒಂದು ಮಸಾಲೆ ದೋಸೆ ಬಂದರೆ ಪುಣ್ಯ. ಹಾಗಾಗಿ ಪೆನ್ಸಿಲ್ವೇನಿಯಾದವರು ನಮ್ಮಿಂದ ಕಲಮನ್ನು ಕಲಿಯಲಿ, ದಂಡವನ್ನು ಬೇಡ.

'ಕಂಬಳ ಓಡಿಸುವವರು ನಮಗೆ ಬುದ್ಧಿ ಹೇಳುತ್ತೀರಾ' ಎಂದು ಯಾರಾದರೂ ಕೇಳಬಹುದು. ಕೇಳಲಿ, ತಪ್ಪಿಲ್ಲ. ಕಂಬಳದ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದಿದೆ, ನಮ್ಮ ನಡುವೆ ಇಂದಿಗೂ ನಡೆಯುತ್ತಿದೆ. ಒಂದು ಮಾತು ಮಾತ್ರ ಹೇಳಬಲ್ಲೆ: ಓಟ ಮುಗಿಸಿದ ಕೋಣ ಸಂಜೆಗೆ ಹಟ್ಟಿಗೆ ಮರಳಬೇಕೆಂದೇ ಯಜಮಾನ ಬಯಸುತ್ತಾನೆ. ಪಾರಿವಾಳ ಪಂದ್ಯದಲ್ಲಿ ಸಾವೇ ಅಂಕ.

ಈಗ ಶಾಸಕರ ಮಾತಿಗೆ ಬರುತ್ತೇನೆ. ಪೆನ್ಸಿಲ್ವೇನಿಯಾದ ರಾಜಧಾನಿ ಹ್ಯಾರಿಸ್‌ಬರ್ಗಿನ ಶಾಸನಸಭೆಯಲ್ಲಿ ಈ ಪಂದ್ಯವನ್ನು ನಿಷೇಧಿಸುವ ಮಸೂದೆ ದಶಕಗಳಿಂದ ಬರುತ್ತಲೇ ಇದೆ, ಸಾಯುತ್ತಲೇ ಇದೆ. 2014ರಲ್ಲಿ ಗಡಿ ಮುಟ್ಟಿತ್ತು. ನಾಯಿ, ಬೆಕ್ಕಿನ ಮಾಂಸ ಮಾರಾಟ ತಡೆಯುವ ಮಸೂದೆಗೆ ಪಾರಿವಾಳ ಪಂದ್ಯದ ನಿಷೇಧವನ್ನೂ ಸೇರಿಸಿ ಮೇಲ್ಮನೆಯಾದ ಸೆನೆಟ್ಟು ಅಕ್ಟೋಬರಿನಲ್ಲಿ ಒಪ್ಪಿತು. ಪರವಾಗಿ 36, ವಿರುದ್ಧ 12. ಕೆಳಮನೆ ಆ ತಿದ್ದುಪಡಿಗೆ ಹೂಂ ಎಂದಿದ್ದರೆ ಸಾಕಿತ್ತು. ಅಲ್ಲಿ ಮಸೂದೆ ಸೋಲಲಿಲ್ಲ. ಅದನ್ನು ಮತಕ್ಕೆ ಹಾಕಲೇ ಇಲ್ಲ. ಅಧಿವೇಶನ ಮುಗಿಯಿತು, ಮಸೂದೆಯೂ ಮುಗಿಯಿತು. ಸೋತಿದ್ದರೆ ಯಾರು ಸೋಲಿಸಿದರು ಎಂದಾದರೂ ಮತದಾರರಿಗೆ ತಿಳಿಯುತ್ತಿತ್ತು. 2017ರಲ್ಲಿ ಲಿಬ್ರೆ ಎಂಬ ನಾಯಿಮರಿಯ ಹೆಸರಿನಲ್ಲಿ ಪ್ರಾಣಿಹಿಂಸೆಯ ಕಾನೂನನ್ನು ಬಿಗಿ ಮಾಡಿದರು, ಒಳ್ಳೆಯದೇ ಆಯಿತು. ಅದರಲ್ಲೂ ಪಾರಿವಾಳಕ್ಕೆ ಜಾಗ ಸಿಗಲಿಲ್ಲ.

ಆದ್ದರಿಂದ ಆ ಶಾಸಕರಲ್ಲಿ ನನ್ನ ಬೇಡಿಕೆ ಚಿಕ್ಕದು. ನಿಮಗೆ ನಿಷೇಧ ಬೇಡವೆನಿಸಿದರೆ ಬೇಡ ಎಂದು ಎದ್ದು ನಿಂತು ಮತ ಹಾಕಿ, ಹೆಸರು ದಾಖಲಾಗಲಿ. ಬೇಕೆನಿಸಿದರೆ ಬೇಕು ಎನ್ನಿ. ಸಭಾನಾಯಕರ ಮೇಜಿನ ಖಾನೆಯಲ್ಲಿ ಮಸೂದೆಯನ್ನು ಸಾಯಲು ಬಿಡಬೇಡಿ.

ಅಲ್ಲಿರುವ ಕನ್ನಡಿಗರಿಗೆ ಹೇಳುತ್ತೇನೆಂದಿದ್ದ ಕೆಲಸ ಇದು. ಕೆಳಮನೆಯಲ್ಲಿ 203 ಸದಸ್ಯರಿದ್ದಾರೆ, ಅಂದರೆ ಒಬ್ಬೊಬ್ಬರ ಕ್ಷೇತ್ರದಲ್ಲಿ ಸುಮಾರು ಅರವತ್ತು ಸಾವಿರ ಜನ. ಬೆಂಗಳೂರಿನ ಒಬ್ಬ ಶಾಸಕರಿಗೆ ಬರುವ ಕರೆಗಳಿಗೆ ಹೋಲಿಸಿದರೆ ಅಲ್ಲಿನ ಕಚೇರಿಗೆ ಬರುವ ಕರೆ ಕಡಿಮೆ. ಹತ್ತು ಜನ ಒಂದೇ ವಾರದಲ್ಲಿ ಒಂದೇ ವಿಷಯ ಕೇಳಿದರೆ ಗಮನಕ್ಕೆ ಬಂದೇ ಬರುತ್ತದೆ. ಮತದ ಹಕ್ಕು ಇನ್ನೂ ಸಿಗದವರೂ ಆ ಕ್ಷೇತ್ರದ ನಿವಾಸಿಗಳೇ, ಸಂಕೋಚ ಬೇಡ. ಫೋನಿನಲ್ಲಿ ದೀರ್ಘ ಭಾಷಣ ಬೇಕಿಲ್ಲ. ಹೆಸರು ಹೇಳಿ, ಊರು ಹೇಳಿ, ಜೀವಂತ ಪಾರಿವಾಳ ಪಂದ್ಯದ ನಿಷೇಧವನ್ನು ಮತಕ್ಕೆ ಹಾಕುವಂತೆ ನಿಮ್ಮ ಪಕ್ಷದ ನಾಯಕರನ್ನು ಒತ್ತಾಯಿಸುತ್ತೀರಾ ಎಂದು ಕೇಳಿ. 'ಪರಿಶೀಲಿಸುತ್ತೇವೆ' ಎಂಬ ಉತ್ತರ ಬಂದರೆ, ಯಾವಾಗ ಎಂದು ಇನ್ನೊಮ್ಮೆ ಕೇಳಿ.

ನಮಸ್ಕಾರ.