ಜೂಲಿಯೆಟ್ ಅಪ್ಪನ ಅವಸರ

ಎಲ್ಲರಿಗೂ ನಮಸ್ಕಾರ. ರೋಮಿಯೋ ಜೂಲಿಯೆಟ್ ಕಥೆ ನಿಮಗೆಲ್ಲ ಗೊತ್ತು, ಅದನ್ನೇ ಮತ್ತೆ ಹೇಳಿ ನಿಮ್ಮ ಸಂಜೆ ಹಾಳು ಮಾಡುವುದಿಲ್ಲ. ನನ್ನ ತಕರಾರು ಒಂದೇ. ಈ ನಾಟಕದ ಬಗ್ಗೆ ಯಾರು ಮಾತಾಡಿದರೂ ಕೊನೆಗೆ "ಪಾಪ, ವಿಧಿ" ಅಂತ ಮುಗಿಸಿಬಿಡುತ್ತಾರೆ. ಇವರ ನಕ್ಷತ್ರವೇ ಸರಿಯಿಲ್ಲ ಅಂತ ಶೇಕ್ಸ್‌ಪಿಯರ್ ಕೂಡ ಶುರುವಿನಲ್ಲೇ ಹೇಳುತ್ತಾನೆ, ಸರಿ. ಆದರೆ ನಕ್ಷತ್ರವನ್ನು ಬೈಯುವ ಮೊದಲು ಹುಡುಗಿಯ ಅಪ್ಪನನ್ನು ಸ್ವಲ್ಪ ನೋಡೋಣ.

ಸೋಮವಾರ. ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್ ರೋಮಿಯೋ ಕೈಯಲ್ಲಿ ಸತ್ತು ಇನ್ನೂ ಒಂದು ದಿನ ಆಗಿಲ್ಲ. ಅವತ್ತೇ ರಾತ್ರಿ ಅಪ್ಪ ಕ್ಯಾಪುಲೆಟ್ ಮಗಳನ್ನು ಒಂದು ಮಾತೂ ಕೇಳದೆ ಪ್ಯಾರಿಸ್ ಅನ್ನುವ ಶ್ರೀಮಂತ ಯುವಕನ ಜೊತೆ ಮದುವೆ ಗೊತ್ತು ಮಾಡುತ್ತಾನೆ. ಬುಧವಾರ ತೀರಾ ಬೇಗ ಆಯಿತು, ಗುರುವಾರ ಇಟ್ಟುಕೊಳ್ಳೋಣ ಅನ್ನುತ್ತಾನೆ! ಸಾವಿನ ಮನೆ, ಜಾಸ್ತಿ ಜನ ಬೇಡ, ಐದಾರು ಮಂದಿ ಸಾಕು ಅಂತ ಬೇರೆ. ಮಾರನೆಯ ದಿನ ನೋಡಿದರೆ 20 ಜನ ಅಡುಗೆಯವರನ್ನು ಕರೆತರಲು ಆಳನ್ನು ಓಡಿಸುತ್ತಿದ್ದಾನೆ. ಹೆಣ್ಣಿನ ಅಪ್ಪಂದಿರು ಎಲ್ಲ ಊರಲ್ಲೂ ಒಂದೇ.

ಅಷ್ಟರಲ್ಲಿ, ಮೊದಲು ಈ ಮದುವೆ ಒಲ್ಲೆ ಅಂದಿದ್ದ ಜೂಲಿಯೆಟ್ ಬಂದು, ತಪ್ಪಾಯಿತು, ನೀವು ಹೇಳಿದ ಹಾಗೆ ಕೇಳುತ್ತೇನೆ ಅನ್ನುತ್ತಾಳೆ. ಅವಳಿಗೂ ರೋಮಿಯೋಗೂ ಗುಟ್ಟಾಗಿ ಮದುವೆ ಮಾಡಿಸಿದ್ದ ಪಾದ್ರಿ ಲಾರೆನ್ಸ್ ಹೇಳಿಕೊಟ್ಟ ನಾಟಕ ಅದು. ಅಪ್ಪನಿಗೆ ಖುಷಿಯೋ ಖುಷಿ, ನಾಳೆ ಬೆಳಗ್ಗೆಯೇ ಮದುವೆ ಅಂದುಬಿಡುತ್ತಾನೆ. ಹೆಂಡತಿ ಬೇಡ ಅನ್ನುತ್ತಾಳೆ. ಕತ್ತಲಾಗುತ್ತಾ ಬಂತು, ಸಾಮಾನು ಸಾಲದು, ಗುರುವಾರವೇ ಇರಲಿ. ನನ್ನನ್ನು ಕೇಳಿದರೆ ಇಡೀ ನಾಟಕದಲ್ಲಿ ಬುದ್ಧಿ ಇರುವ ಮಾತು ಈ ದಿನಸಿಯ ಲೆಕ್ಕ ಒಂದೇ. ಅವನು ಕೇಳಬೇಕಲ್ಲ! ಇವತ್ತು ಮನೆಯೊಡತಿ ಕೆಲಸ ನಾನೇ ಮಾಡುತ್ತೇನೆ, ನೀನು ಹೋಗು ಅನ್ನುತ್ತಾನೆ. ಹೀಗಾಗಿ ಬುಧವಾರ ರಾತ್ರಿ ಕುಡಿಯಬೇಕಿದ್ದ, ಸತ್ತಂತೆ ಕಾಣಿಸುವ ಹಾಗೆ ಮಾಡಲು ಪಾದ್ರಿ ಕೊಟ್ಟ ಔಷಧಿಯನ್ನು ಇನ್ನೂ 14 ತುಂಬದ ಆ ಹುಡುಗಿ ಮಂಗಳವಾರವೇ ಕುಡಿಯುತ್ತಾಳೆ, ಗಡೀಪಾರಾಗಿ ಮಾಂಟುವಾ ಅನ್ನುವ ಊರಲ್ಲಿದ್ದ ರೋಮಿಯೋಗೆ ಈ ಉಪಾಯ ತಿಳಿಸುವ ಕಾಗದ ತಲುಪಿಸಲು ಕೈಯಲ್ಲಿದ್ದ ಒಂದು ದಿನ ಅಲ್ಲಿಗೆ ಹೋಯಿತು. ಇದು ವಿಧಿಯಾ? ತಾರೀಖು ತಿದ್ದಿದ್ದು ಅಪ್ಪ.

ಇದು ಸುಮ್ನೆ ಆದದ್ದಲ್ಲ. ಶೇಕ್ಸ್‌ಪಿಯರ್ ಈ ಕಥೆ ತೆಗೆದುಕೊಂಡದ್ದು ಆರ್ಥರ್ ಬ್ರೂಕ್ 1562ರಲ್ಲಿ ಬರೆದ ಕವನದಿಂದ. ಅಲ್ಲಿ ಎಲ್ಲವೂ ತಿಂಗಳುಗಟ್ಟಲೆ ನಡೆಯುತ್ತದೆ. ಇವನು ಭಾನುವಾರದಿಂದ ಗುರುವಾರ ಬೆಳಗಿನೊಳಗೆ ಮುಗಿಸಿಬಿಟ್ಟ.

ಕಾಗದ ತಲುಪದಿದ್ದದ್ದಾದರೂ ವಿಧಿ ಅಲ್ವಾ ಅಂತ ನೀವು ಕೇಳಬಹುದು. ಕಾಗದ ಒಯ್ಯಬೇಕಿದ್ದ ಪಾದ್ರಿ ಜಾನ್, ದಾರಿಗೆ ಜೊತೆ ಬೇಕು ಅಂತ ಇನ್ನೊಬ್ಬ ಪಾದ್ರಿಯನ್ನು ಹುಡುಕಿಕೊಂಡು ಹೋದ. ಆತ ರೋಗಿಗಳನ್ನು ನೋಡಲು ಹೋಗಿದ್ದ. ಪ್ಲೇಗ್ ಇದ್ದ ಮನೆಯಲ್ಲಿದ್ದವರು ಅನ್ನುವ ಅನುಮಾನದಲ್ಲಿ ತಪಾಸಣೆಯವರು ಬಾಗಿಲಿಗೆ ಮುದ್ರೆ ಒತ್ತಿ ಇಬ್ಬರನ್ನೂ ಒಳಗೇ ಕೂರಿಸಿದರು. ಸೀಲ್‌ಡೌನ್! 2020 ನೋಡಿದವರಿಗೆ ನಾನೇನು ವಿವರಿಸುವುದು. ಸರಿ, ಪ್ಲೇಗನ್ನು ಅಪ್ಪ ತರಲಿಲ್ಲ. ಆದರೆ ಆ ಒಂದು ದಿನ ಉಳಿದಿದ್ದರೆ ಇನ್ನೊಂದು ಕಾಗದ ಹೋಗುತ್ತಿತ್ತು.

ಅಧ್ಯಕ್ಷರಿಂದ ಚೀಟಿ ಬಂತು. ನನಗಾದರೂ ಕಾಗದ ಸರಿಯಾದ ಹೊತ್ತಿಗೆ ತಲುಪಿತು.

ಬೇಗ ಮುಗಿಸುತ್ತೇನೆ. ಎರಡು ಮನೆತನದ ಜಗಳಕ್ಕೆ ಕಾರಣ ಏನು ಅಂತ ನಾಟಕದಲ್ಲಿ ಯಾರೂ ಹೇಳುವುದಿಲ್ಲ. ಆಳುಗಳು ಅವಮಾನ ಮಾಡಲು ಹೆಬ್ಬೆರಳು ಕಚ್ಚಿ ತೋರಿಸುತ್ತಾರೆ, ಕತ್ತಿ ಹೊರಬರುತ್ತದೆ, ಅಷ್ಟೇ. ಕನ್ನಡಕ್ಕೆ ಇದೇ ಕಥೆ 1889ರಲ್ಲಿ 'ರಾಮವರ್ಮ ಲೀಲಾವತಿ' ಆಗಿ ಬಂದಾಗ ಕೊನೆಗೆ ವಿಷ್ಣುವೇ ಬಂದು ಇಬ್ಬರನ್ನೂ ಬದುಕಿಸುತ್ತಾನೆ. ನಗಬೇಡಿ. ಅಪ್ಪ ಕೆಡಿಸಿದ್ದನ್ನು ಸರಿಮಾಡಲು ಅಷ್ಟು ದೊಡ್ಡವರೇ ಬರಬೇಕಾಯಿತು.

ಕೊನೆಗೆ ರೋಮಿಯೋಗೆ ವಿಷ ಮಾರುವವನ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ. ಮಾಂಟುವಾದಲ್ಲಿ ವಿಷ ಮಾರಿದರೆ ಮರಣದಂಡನೆ, ಆದರೂ 40 ಡ್ಯುಕಾಟ್ ಚಿನ್ನದ ನಾಣ್ಯಕ್ಕೆ ಮಾರುತ್ತಾನೆ. ಒಪ್ಪುತ್ತಿರುವುದು ನನ್ನ ಬಡತನ, ಮನಸ್ಸಲ್ಲ ಅನ್ನುತ್ತಾನೆ. ಅವನ ಅಂಗಡಿಯಲ್ಲಿ ತೂಗುಹಾಕಿದ ಆಮೆ, ಖಾಲಿ ಡಬ್ಬಿಗಳು... ಇರಲಿ, ಚಹಾ ಕುಡಿಯುವಾಗ ಕೇಳಿ, ಹೇಳುತ್ತೇನೆ.