ಇಲ್ಲವಾದ ಮೇಲೆ ಅವಳು ನಾಡು

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರೀತಿಯನ್ನು ಕಳೆದುಕೊಂಡ ಕವಿಗಳು ಪ್ರಿಯೆಯನ್ನು ತಮ್ಮ ನಾಡಾಗಿ ಯಾಕೆ ಕಾಣುತ್ತಾರೆ? ಇವತ್ತು ಇದೊಂದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಯಾರಿಗೂ ತೋರಿಸದೆ ಕವಿತೆ ಬರೆದಿಟ್ಟುಕೊಂಡವರು ಕೇಳುತ್ತಿದ್ದರೆ, ಈ ಮಾತು ಮುಖ್ಯವಾಗಿ ನಿಮಗೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಜೊತೆಗಿರುವಷ್ಟು ದಿನ ಅವಳು ಒಬ್ಬ ಹೆಣ್ಣು. ಇಲ್ಲವಾದ ಮೇಲೆ ನಾಡಾಗುತ್ತಾಳೆ.

ಇಬ್ಬರು ಕೂಡಿ ಬಾಳುವಾಗ ಅವರಿಬ್ಬರಿಗೇ ಅರ್ಥವಾಗುವ ಮಾತುಗಳು ಹುಟ್ಟಿಕೊಳ್ಳುತ್ತವೆ. ಅವರದೇ ನಗು, ಅವರದೇ ಜಗಳ, ಇಂಥ ಹೊತ್ತಿಗೆ ಇಂಥ ಕಡೆ ಕೂರಬೇಕೆಂಬ ರೂಢಿ. ಒಬ್ಬರು ಹೋದಾಗ ಇದೆಲ್ಲ ಒಟ್ಟಿಗೇ ಹೋಗುತ್ತದೆ. ಉಳಿದವನು ಕಾಲಿಟ್ಟ ಕಡೆಯೆಲ್ಲ ಪರದೇಶಿ. ಗಡಿಪಾರಾದವನ ಪಾಡೂ ಇದೇ ಅಲ್ಲವೇ? ಅವನಿಗೂ ಮರಳಿ ಹೋಗಲು ಊರಿಲ್ಲ.

ಕಾಳಿದಾಸನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೇಘದೂತದ ಯಕ್ಷ ಕುಬೇರನ ಶಾಪದಿಂದ ಒಂದು ವರ್ಷ ರಾಮಗಿರಿಯಲ್ಲಿ ಇರಬೇಕಾಗಿ ಬಂದವನು. ಮಡದಿ ಇರುವುದು ದೂರದ ಅಳಕಾವತಿಯಲ್ಲಿ. ಅವನು ಸುತ್ತ ನೋಡುತ್ತಾನೆ. ಪ್ರಿಯಂಗು ಬಳ್ಳಿಯಲ್ಲಿ ಅವಳ ಮೈ, ಬೆದರಿದ ಜಿಂಕೆಯಲ್ಲಿ ನೋಟ, ಚಂದ್ರನಲ್ಲಿ ಮುಖ, ನವಿಲುಗರಿಯಲ್ಲಿ ಕೂದಲು, ಹೊಳೆಯ ಸಣ್ಣ ತೆರೆಗಳಲ್ಲಿ ಹುಬ್ಬಿನ ಕುಣಿತ ಕಾಣುತ್ತವೆ. ಆದರೆ ಎಲ್ಲವೂ ಒಂದೇ ಕಡೆ ಎಲ್ಲಿಯೂ ಸಿಗುವುದಿಲ್ಲ ಎಂದು ಕೊರಗುತ್ತಾನೆ. ನೋಡಿ, ದೂರವಾದದ್ದೇ ತಡ, ಹೆಣ್ಣು ಹೊಳೆ ಕಾಡುಗಳ ಉದ್ದಕ್ಕೂ ಹರಡಿಕೊಂಡಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಥ ಕವಿತೆ ಸಿಕ್ಕ ಕೂಡಲೇ ನಮ್ಮಲ್ಲಿ ಅನೇಕರು ‘ಇಲ್ಲಿ ಪ್ರಿಯೆ ನಾಡಿನ ಸಂಕೇತ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅಂಕ ಬರಬಹುದು, ಕವಿತೆ ಮಾತ್ರ ಕೈ ತಪ್ಪಿಹೋಗುತ್ತದೆ. ಹೆಣ್ಣು ಸಿಪ್ಪೆ, ನಾಡು ತಿರುಳು ಎಂದು ಸುಲಿಯಲು ಹೋಗಬೇಡಿ, ದಯವಿಟ್ಟು. ಹೆಣ್ಣು ನಿಜ. ಕಳೆದುಕೊಂಡದ್ದು ನಿಜ. ಆಮೇಲೆ ಅವಳು ನಾಡಾದದ್ದೂ ಅಷ್ಟೇ ನಿಜ.

ಪ್ಯಾಲೆಸ್ಟೀನಿನ ಮಹಮೂದ್ ದರ್ವೀಶ್ ಹುಟ್ಟಿದ್ದು 1941ರಲ್ಲಿ, ಅಲ್ ಬಿರ್ವಾ ಎಂಬ ಹಳ್ಳಿಯಲ್ಲಿ. 1948ರ ಯುದ್ಧದಲ್ಲಿ ಮನೆಯವರು ಲೆಬನಾನಿಗೆ ಓಡಿಹೋದರು. ಹಿಂದಿರುಗಿದಾಗ ಹಳ್ಳಿಯೇ ಇರಲಿಲ್ಲ. ಮುಂದೆ ಅವನು ಬರೆದ ಪ್ರೇಮಕವಿತೆಯೊಂದರಲ್ಲಿ ಪ್ರಿಯೆಯನ್ನು ಒಂದೊಂದಾಗಿ ಹೆಸರಿಸುತ್ತ ಹೋಗುತ್ತಾನೆ: ಕಣ್ಣು ಪ್ಯಾಲೆಸ್ಟೀನಿನದು, ಹಚ್ಚೆ ಪ್ಯಾಲೆಸ್ಟೀನಿನದು, ಹೆಸರು, ಕನಸು, ತಲೆವಸ್ತ್ರ, ಪಾದ, ಮಾತು, ಮೌನ, ಹುಟ್ಟು, ಸಾವು, ಎಲ್ಲವೂ ಅಲ್ಲಿನವು. ನಾಡು ನೆಲದ ಮೇಲೆ ಉಳಿಯದೆ ಹೋದಾಗ ಅವಳ ಮೈಮೇಲೆ ಬಂದು ನಿಂತಿತು.

ಈಗ ನಾನು ಹೇಳಲೇಬೇಕೆಂದುಕೊಂಡು ಬಂದ ಕಥೆ. ಸಿರಿಯಾದ ಕವಿ ನಿಜಾರ್ ಕಬ್ಬಾನಿ. ಹುಟ್ಟಿದ್ದು 1923ರಲ್ಲಿ, ಡಮಾಸ್ಕಸ್ಸಿನಲ್ಲಿ. ಸಿರಿಯಾದ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿದವನು. ಅರಬ್ಬೀ ಜಗತ್ತು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದು ಪ್ರೇಮಕವಿ ಎಂದು. ಬಾಗ್ದಾದಿಗೆ ಕವಿತೆ ಓದಲು ಹೋದಾಗ ಬಲ್ಕೀಸ್ ಅಲ್ ರಾವಿ ಎಂಬ ಇರಾಕಿನ ಹುಡುಗಿಯನ್ನು ಮೆಚ್ಚಿದ. ಮನೆಯವರು ಮೊದಲು ಒಪ್ಪಲಿಲ್ಲ. ವರ್ಷಗಳು ಕಳೆದವು, ಇವನು ಮರೆಯಲಿಲ್ಲ. ಕೊನೆಗೆ 1969ರಲ್ಲಿ ಮದುವೆಯಾಯಿತು. ಬೈರೂತಿನಲ್ಲಿ ಮನೆ ಮಾಡಿದರು, ಇಬ್ಬರು ಮಕ್ಕಳಾದರು. ಅವಳು ಅಲ್ಲಿನ ಇರಾಕ್ ರಾಯಭಾರ ಕಚೇರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು.

1981ರ ಡಿಸೆಂಬರ್ 15ರಂದು ಆ ಕಚೇರಿಯನ್ನು ಬಾಂಬಿಟ್ಟು ಉರುಳಿಸಿದರು. ಲೆಬನಾನಿನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ ಅದು. ಬೆಳಿಗ್ಗೆ ಕೆಲಸಕ್ಕೆ ಹೋದ ಬಲ್ಕೀಸ್ ಮನೆಗೆ ಬರಲಿಲ್ಲ.

ಕಬ್ಬಾನಿ ಅವಳ ಹೆಸರನ್ನೇ ಇಟ್ಟು ಒಂದು ದೀರ್ಘ ಕವಿತೆ ಬರೆದ. ಆರಂಭದಲ್ಲಿ ಕೊಂದವರಿಗೆ ಧನ್ಯವಾದ ಹೇಳುತ್ತಾನೆ, ಓದುವಾಗ ಮೈ ಉರಿಯುತ್ತದೆ. ಆಮೇಲೆ ಅವಳ ಕಡೆ ತಿರುಗುತ್ತಾನೆ. ಬಾಬಿಲೋನಿನ ಚರಿತ್ರೆಯಲ್ಲೇ ಅತಿ ಚೆಲುವೆಯಾದ ರಾಣಿ ಅವಳು ಎನ್ನುತ್ತಾನೆ. ಇರಾಕಿನ ನೆಲದಲ್ಲಿ ಅತಿ ಎತ್ತರದ ಖರ್ಜೂರದ ಮರ ಅವಳು ಎನ್ನುತ್ತಾನೆ. ಹಸಿರು ನಿನೆವೆಯೇ ಎಂದು ಇರಾಕಿನ ಪ್ರಾಚೀನ ನಗರವೊಂದರ ಹೆಸರು ಹಿಡಿದು ಕೂಗುತ್ತಾನೆ. ವಸಂತದಲ್ಲಿ ಕಾಲಿಗೆ ಚೆಂದದ ಕಡಗ ತೊಡುವ ಟೈಗ್ರಿಸ್ ನದಿಯ ತೆರೆಗಳೇ ಎನ್ನುತ್ತಾನೆ. ನಿನ್ನ ಕೂದಲು ಹೋದ ಮೇಲೆ ಇನ್ನು ಗೋಧಿಯ ತೆನೆ ಮೇಲೇಳುವುದುಂಟೇ ಎಂದು ಕೇಳುತ್ತಾನೆ. ಇಷ್ಟು ಕೇಳಿದವರಿಗೆ ಇದು ಒಬ್ಬ ಹೆಂಗಸಿನ ಮಾತೋ ಒಂದು ದೇಶದ ಮಾತೋ ಎನಿಸುತ್ತದೆ, ನಿಜ.

ಆದರೆ ಅದೇ ಕವಿತೆಯಲ್ಲಿ ಮುಂದೆ ಬನ್ನಿ. ಇನ್ನು ಕೆಲವು ನಿಮಿಷಕ್ಕೆ ನೀನು ಬಾಗಿಲು ತಟ್ಟುತ್ತೀಯಾ? ಚಳಿಗಾಲದ ಕೋಟು ತೆಗೆದಿಡುತ್ತೀಯಾ? ನಗುತ್ತ ಒಳಗೆ ಬರುತ್ತೀಯಾ? ನೀನು ಹಚ್ಚಿದ ಸಿಗರೇಟು ಇನ್ನೂ ಆರಿಲ್ಲ, ಅದರ ಹೊಗೆ ಹೊರಡಲು ಒಪ್ಪುತ್ತಿಲ್ಲ. ಈ ಪುಟ್ಟ ಮನೆ ನಿನ್ನನ್ನು ಕೇಳುತ್ತಿದೆ. ಹೀಗೆ ಹೋಗುತ್ತದೆ ಕವಿತೆ. ಡಿಸೆಂಬರಿನಲ್ಲಿ ಸತ್ತವಳು, ಆದ್ದರಿಂದಲೇ ಚಳಿಗಾಲದ ಕೋಟು. ಸಂಕೇತಗಳು ಮನೆಗೆ ಬಂದು ಕೋಟು ತೆಗೆದಿಡುವುದಿಲ್ಲ! ಅದು ಹೆಂಡತಿಯ ಕೋಟು. ಈ ಕೋಟು ಇರುವುದರಿಂದಲೇ ಆ ಟೈಗ್ರಿಸ್ ನದಿಯನ್ನು ನಾವು ನಂಬುತ್ತೇವೆ. ಇದಿಲ್ಲದೆ ಅದನ್ನು ಬರೆದಿದ್ದರೆ ಅದೊಂದು ದೇಶಭಕ್ತಿಗೀತೆಯಾಗಿ ಉಳಿಯುತ್ತಿತ್ತು.

ಅವಳು ಹುಟ್ಟಿದ್ದು ಇರಾಕಿನಲ್ಲಿ, ಅವನು ಸಿರಿಯಾದವನು, ಸಂಸಾರ ಲೆಬನಾನಿನಲ್ಲಿ. ಅವಳು ಬದುಕಿದ್ದಾಗ ಇವು ಮೂರೂ ಒಂದೇ ಮನೆಯೊಳಗೆ ಇದ್ದವು. ಅವಳು ಹೋದ ಮೇಲೆ ಅವನು ಬೈರೂತ್ ಬಿಟ್ಟ, ಯೂರೋಪಿನಲ್ಲಿ ಅಲೆದ, ಕೊನೆಗೆ ಲಂಡನ್ನಿನಲ್ಲಿ ನಿಂತ. 1998ರಲ್ಲಿ ಅಲ್ಲಿಯೇ ತೀರಿಕೊಂಡ. ತನ್ನನ್ನು ಡಮಾಸ್ಕಸ್ಸಿನಲ್ಲೇ ಮಣ್ಣು ಮಾಡಬೇಕೆಂದು ಬರೆದಿಟ್ಟಿದ್ದ, ಹಾಗೆಯೇ ಮಾಡಿದರು. ಹೆಂಡತಿಯನ್ನು ಕಳೆದುಕೊಂಡವನು ಎನ್ನುವುದೂ ದೇಶ ಬಿಟ್ಟವನು ಎನ್ನುವುದೂ ಅವನ ಮಟ್ಟಿಗೆ ಬೇರೆ ಬೇರೆ ಮಾತಲ್ಲ.

ಬಲ್ಕೀಸಳ ಕಥೆಗೇ ಹೊತ್ತು ಹೋಯಿತು. ಕಾಶ್ಮೀರದ ಕವಿ ಆಗಾ ಶಾಹಿದ್ ಅಲಿಯ ಬಗ್ಗೆ ಹೇಳಬೇಕೆಂದಿದ್ದೆ, ತಲುಪದ ಪತ್ರಗಳ ನಡುವೆ ಅವನು ತನ್ನ ಕಣಿವೆಯನ್ನು ಹುಡುಕಿದ ಬಗೆಯನ್ನು. ಅದಕ್ಕೆ ಇನ್ನೊಂದು ಭಾಷಣವೇ ಬೇಕು.

ಪಂಪನನ್ನು ಮಾತ್ರ ಬಿಟ್ಟು ಏಳಲಾರೆ. ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ ನಮಗೆಲ್ಲ ಬಾಯಿಪಾಠ. ಆದರೆ ನಾವು ಆ ಪದ್ಯದ ಕೊನೆಯ ಸಾಲನ್ನಷ್ಟೇ ವೇದಿಕೆಯಲ್ಲಿ ಘೋಷಣೆಯ ಹಾಗೆ ಕೂಗುತ್ತೇವೆ. ಅದಕ್ಕೆ ಮುಂಚೆ ಏನಿದೆ? ತೆಂಕಣ ಗಾಳಿ ಸೋಕಿದರೆ, ಒಳ್ಳೆಯ ಮಾತು ಕೇಳಿದರೆ, ಇಂಪಾದ ಹಾಡು ಕಿವಿಗೆ ಬಿದ್ದರೆ, ಬಿರಿದ ಮಲ್ಲಿಗೆ ಕಂಡರೆ, ವಸಂತದ ಹಬ್ಬ ಬಂದರೆ ಅವನಿಗೆ ಬನವಾಸಿ ನೆನಪಾಗುತ್ತದೆ. ಕೋಟೆಯಿಲ್ಲ, ಸಿಂಹಾಸನವಿಲ್ಲ, ಬಾವುಟವಿಲ್ಲ. ವಿರಹಿಗೆ ಪ್ರಿಯೆಯನ್ನು ನೆನಪಿಸುವುದು ಯಾವುವೋ, ಹತ್ತನೆಯ ಶತಮಾನದ ನಮ್ಮ ಕವಿಗೆ ನಾಡನ್ನು ನೆನಪಿಸಿದ್ದೂ ಅವೇ. ಕಬ್ಬಾನಿ ಹೆಣ್ಣಿನಿಂದ ನಾಡಿಗೆ ನಡೆದ, ಪಂಪ ನಾಡಿನಿಂದ ಹೆಣ್ಣಿನ ಕಡೆಗೆ ನಡೆದ. ದಾರಿ ಒಂದೇ.

ಕೊನೆಯ ಪುಟದಲ್ಲಿ ಕವಿತೆ ಬರೆದುಕೊಂಡವರಿಗೆ ಒಂದು ಕೋರಿಕೆ. ‘ನೀನೇ ನನ್ನ ನಾಡು’ ಎಂಬ ಸಾಲು ಅದರಲ್ಲಿದ್ದರೆ, ಅದರ ಪಕ್ಕದಲ್ಲಿ ಅವಳು, ಅಥವಾ ಅವನು, ಬಾಗಿಲಲ್ಲಿ ನಿಂತು ಏನು ಮಾಡುತ್ತಿದ್ದರು ಎಂಬುದನ್ನೂ ಬರೆಯಿರಿ. ಚಪ್ಪಲಿ ಬಿಡುತ್ತಿದ್ದ ರೀತಿಯಾದರೂ ಸರಿ.

ನಮಸ್ಕಾರ.